ಹನ್ನೆರಡು ವೋಲ್ಟಿನ ಬ್ಯಾಟರಿಯೂ ಐದು ವೋಲ್ಟಿನ ಉಪಕರಣವೂ

ವೋಲ್ಟೇಜ್ ಇಳಿಸುವ ಸಣ್ಣ ಪರಿವರ್ತಕಗಳನ್ನು ಉಪಯೋಗಿಸುವ ಕ್ರಮ

ಪೀಠಿಕೆ

ಬೆಳೆಗಳಿಗೆ ಔಷಧ ಸಿಂಪಡಿಸುವ ಕಾಲ ಮುಗಿದ ಮೇಲೆ, ಬೆನ್ನಿಗೆ ಹೊರುವ ಸ್ಪ್ರೇಯರಿನ ಬ್ಯಾಟರಿಯು ಅನೇಕ ರೈತರ ಮನೆಗಳಲ್ಲಿ ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿರುವುದುಂಟು. ೧೨ ವೋಲ್ಟು, ೮ ಆಂಪೇರ್-ಗಂಟೆ ಎಂಬ ಚೀಟಿಯನ್ನು ಹೊತ್ತಿರುವ ಈ ಬ್ಯಾಟರಿಯು ಹೀಗೆ ಚಾರ್ಜಿಲ್ಲದೆ ಬಿದ್ದಿದ್ದರೆ ಕೆಡುವುದೇ ಹೊರತು ಉಳಿಯುವುದಿಲ್ಲ. ಇತ್ತ ಅದೇ ಮನೆಯ ವಿದ್ಯಾರ್ಥಿಗಳು ಶಾಲಾ ಕಾಲೇಜುಗಳಲ್ಲಿ ಸಣ್ಣ ಎಲೆಕ್ಟ್ರಾನಿಕ್ ಉಪಕರಣಗಳನ್ನು ತಾವೇ ಜೋಡಿಸಲು ಕಲಿಯುತ್ತಿದ್ದಾರೆ. ೨೦೧೬ರಿಂದೀಚೆಗೆ ಶಾಲೆಗಳಲ್ಲಿ ಸ್ಥಾಪಿತವಾಗುತ್ತ ಬಂದಿರುವ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು ಈ ಅಭಿರುಚಿಯನ್ನು ಹೆಚ್ಚಿಸಿವೆ. ಮಣ್ಣಿನ ತೇವವನ್ನು ಅಳೆಯುವ ಉಪಕರಣ, ಸಸಿಮಡಿಯ ಉಷ್ಣತೆಯನ್ನು ಬರೆದಿಡುವ ಉಪಕರಣ, ತೊಟ್ಟಿಯ ನೀರಿನ ಮಟ್ಟವನ್ನು ಮೊಬೈಲಿಗೆ ತಿಳಿಸುವ ಉಪಕರಣ ಮೊದಲಾದವು ಹವ್ಯಾಸದಿಂದ ಆರಂಭವಾಗಿ ಹೊಲದ ಕೆಲಸಕ್ಕೂ ಒದಗುತ್ತಿವೆ.

ಆದರೆ ಬ್ಯಾಟರಿಯು ಕೊಡುವುದು ೧೨ ವೋಲ್ಟು. ಉಪಕರಣವು ಬೇಡುವುದು ೫ ವೋಲ್ಟು ಅಥವಾ ಅದಕ್ಕಿಂತಲೂ ಕಡಿಮೆ. ಈ ಎರಡರ ನಡುವೆ ನಿಲ್ಲತಕ್ಕ ಅಂಗೈಯಗಲಕ್ಕಿಂತಲೂ ಚಿಕ್ಕದಾದ ಹಲಗೆಯೇ ವೋಲ್ಟೇಜ್ ಇಳಿಸುವ ಪರಿವರ್ತಕ. ಅಂಗಡಿಗಳಲ್ಲಿ ಇದಕ್ಕೆ ಬಕ್ ಕನ್ವರ್ಟರ್ ಎಂದು ಹೆಸರು. ಬೆಲೆ ಸಾಮಾನ್ಯವಾಗಿ ನೂರು ರೂಪಾಯಿಗಳೊಳಗೆ. ಇದನ್ನು ಸರಿಯಾಗಿ ಹೊಂದಿಸದೆ ಜೋಡಿಸಿದಲ್ಲಿ ಇದರ ಹತ್ತರಷ್ಟು ಬೆಲೆಯ ಉಪಕರಣವು ಕ್ಷಣಮಾತ್ರದಲ್ಲಿ ಸುಟ್ಟುಹೋಗುವುದು. ಅದನ್ನೇ ನಂಬಿ ನೀರು ಹಾಯಿಸುವ ಸಸಿಮಡಿಯಿದ್ದರೆ ಸಸಿಗಳೂ ಕೆಡುವುವು. ಆದಕಾರಣ ಇದರ ಗುಣದೋಷಗಳನ್ನು ತಿಳಿದು ಉಪಯೋಗಿಸುವುದು ಅವಶ್ಯಕ.

ಯಾವ ಉಪಕರಣಕ್ಕೆ ಎಷ್ಟು ವೋಲ್ಟು

ಮೊದಲು ತಿಳಿಯತಕ್ಕ ಅಂಶವೆಂದರೆ ೧೨ ವೋಲ್ಟಿನ ಬ್ಯಾಟರಿಯು ಯಾವಾಗಲೂ ೧೨ ವೋಲ್ಟನ್ನೇ ಕೊಡುವುದಿಲ್ಲವೆಂಬುದು. ಪೂರ್ಣವಾಗಿ ಚಾರ್ಜಾಗಿ ವಿಶ್ರಾಂತಿಯಲ್ಲಿರುವ ಲೆಡ್-ಆಸಿಡ್ ಬ್ಯಾಟರಿಯಲ್ಲಿ ಸುಮಾರು ೧೨.೭ ವೋಲ್ಟು ಇರುತ್ತದೆ. ಚಾರ್ಜಾಗುತ್ತಿರುವಾಗ ಅದು ೧೪.೪ ವೋಲ್ಟಿನವರೆಗೂ ಏರುತ್ತದೆ. ಬರಿದಾದಾಗ ೧೧ಕ್ಕಿಂತ ಕೆಳಗಿಳಿಯುತ್ತದೆ. ೧೨ ವೋಲ್ಟಿನದೆಂದು ಮಾರುವ ಸೌರ ಫಲಕವಂತೂ ಭಾರವಿಲ್ಲದಿರುವಾಗ ೨೧-೨೨ ವೋಲ್ಟು ತೋರಿಸುತ್ತದೆ. ಫಲಕವು ತಣ್ಣಗಿರುವ ಮುಂಜಾನೆಯ ಬಿಸಿಲಿನಲ್ಲಿ ಇದು ಇನ್ನೂ ಸ್ವಲ್ಪ ಹೆಚ್ಚುವುದು.

ಉಪಕರಣಗಳ ಬೇಡಿಕೆಯು ಇಷ್ಟು ಸಡಿಲವಾದುದಲ್ಲ. ಆರ್ಡುಯಿನೊ ಯುನೊ ಹಲಗೆಯ ಐದು ವೋಲ್ಟಿನ ಕಾಲಿಗೆ ೫ ವೋಲ್ಟನ್ನೇ ಕೊಡಬೇಕು. ಇಎಸ್‌ಪಿ ೩೨ ಎಂಬ ಚಿಪ್ಪು ೩.೦ರಿಂದ ೩.೬ ವೋಲ್ಟಿನೊಳಗೆ ಮಾತ್ರ ಕೆಲಸಮಾಡುತ್ತದೆ. ಆದರೆ ಅದನ್ನು ಕೂಡಿಸಿರುವ ಹಲಗೆಗಳಲ್ಲಿ ಸಾಮಾನ್ಯವಾಗಿ ೩.೩ ವೋಲ್ಟಿಗೆ ಇಳಿಸುವ ಏರ್ಪಾಡು ಇರುವುದರಿಂದ ಹಲಗೆಗೆ ೫ ವೋಲ್ಟು ಕೊಡಬಹುದು. ಮೊಬೈಲಿಗೆ ಸಂದೇಶ ಕಳುಹಿಸಲು ಉಪಯೋಗಿಸುವ ಸಿಮ್ ೮೦೦ ಎಲ್ ಎಂಬ ಸಲಕರಣೆಗೆ ೩.೪ರಿಂದ ೪.೪ ವೋಲ್ಟು ಬೇಕು. ಅದಕ್ಕೆ ೫ ವೋಲ್ಟು ಹೆಚ್ಚು, ೩.೩ ವೋಲ್ಟು ಕಡಿಮೆ. ಅದಲ್ಲದೆ ಸಂದೇಶ ಹೊರಡುವ ಕ್ಷಣದಲ್ಲಿ ಅದು ೨ ಆಂಪೇರಿನಷ್ಟು ಪ್ರವಾಹವನ್ನು ಎಳೆಯುತ್ತದೆ. ಆದ್ದರಿಂದ ಉಪಕರಣದ ವಿವರಣ ಪತ್ರವನ್ನು ಓದಿ, ವೋಲ್ಟೇಜಿನ ಎರಡು ಮೇರೆಗಳನ್ನೂ ಅತಿ ಹೆಚ್ಚಿನ ಪ್ರವಾಹವನ್ನೂ ಕಾಗದದ ಮೇಲೆ ಬರೆದುಕೊಂಡ ಹೊರತು ಪರಿವರ್ತಕವನ್ನು ಕೊಳ್ಳಲು ಹೊರಡಕೂಡದು.

ಇಳಿಸುವ ಎರಡು ವಿಧಾನಗಳು

೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೧೪೭ ಕಿಲೋಮೀಟರು ದೂರ ವಿದ್ಯುಚ್ಛಕ್ತಿಯನ್ನು ಸಾಗಿಸಿದಾಗ, ವೋಲ್ಟೇಜನ್ನು ಏರಿಸಿ ಕಳುಹಿಸಿ, ಗಣಿಯ ಬಳಿ ಮತ್ತೆ ಇಳಿಸಲು ಟ್ರಾನ್ಸ್‌ಫಾರ್ಮರುಗಳು ಬೇಕಾದುವು. ಹಳ್ಳಿಯ ಟ್ರಾನ್ಸ್‌ಫಾರ್ಮರು ಮಾಡುವುದೂ ಇದೇ ಕೆಲಸವನ್ನು. ಆದರೆ ಟ್ರಾನ್ಸ್‌ಫಾರ್ಮರು ದಿಕ್ಕು ಬದಲಾಯಿಸುತ್ತಿರುವ ಎ.ಸಿ. ಪ್ರವಾಹಕ್ಕೆ ಮಾತ್ರ ಒಗ್ಗುತ್ತದೆ. ಬ್ಯಾಟರಿಯಿಂದಲೂ ಸೌರ ಫಲಕದಿಂದಲೂ ಬರುವುದು ಒಂದೇ ದಿಕ್ಕಿನ ಡಿ.ಸಿ. ಪ್ರವಾಹ. ಇದನ್ನು ಇಳಿಸಲು ಬೇರೆ ಉಪಾಯಗಳು ಬೇಕು. ಅವು ಎರಡು ಬಗೆ.

ಮೊದಲನೆಯದು ಲೀನಿಯರ್ ರೆಗ್ಯುಲೇಟರು. ೭೮೦೫ ಎಂಬ ಮೂರು ಕಾಲಿನ ಚಿಪ್ಪು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಇದು ಹೆಚ್ಚಿನ ವೋಲ್ಟೇಜನ್ನು ತನ್ನ ಮೈಮೇಲೆ ಹೊತ್ತು ಬಿಸಿಯಾಗಿ ಹೊರಹಾಕುತ್ತದೆ. ಎತ್ತರದ ಕಾಲುವೆಯ ನೀರು ತಗ್ಗಿನ ಗದ್ದೆಗೆ ಧುಮುಕುವಾಗ ಬಿದ್ದ ರಭಸವು ವ್ಯರ್ಥವಾಗುವಂತೆ, ಇಲ್ಲಿ ಇಳಿದ ವೋಲ್ಟೇಜಿನ ಶಕ್ತಿಯೆಲ್ಲವೂ ವ್ಯರ್ಥ.

ಎರಡನೆಯದು ಬಕ್ ಕನ್ವರ್ಟರು. ಕೆರೆಯ ತೂಬನ್ನು ಪೂರ್ತಿ ತೆರೆದು, ಪೂರ್ತಿ ಮುಚ್ಚಿ, ಮತ್ತೆ ತೆರೆದು, ಹೀಗೆ ಬಿಟ್ಟುಬಿಟ್ಟು ಬಂದ ನೀರನ್ನು ಒಂದು ಹೊಂಡದಲ್ಲಿ ನಿಲ್ಲಿಸಿಕೊಂಡು, ಅಲ್ಲಿಂದ ಒಂದೇ ಸಮನಾಗಿ ಹರಿಯಿಸಿದರೆ ಹೇಗೋ ಹಾಗೆ ಇದರ ಕೆಲಸ. ಒಳಗಿರುವ ಸ್ವಿಚ್ಚು ಸೆಕೆಂಡಿಗೆ ಲಕ್ಷಾಂತರ ಬಾರಿ ತೆರೆದು ಮುಚ್ಚುತ್ತದೆ. ತಂತಿಯ ಸುರುಳಿಯೂ ಕೆಪಾಸಿಟರೂ ಸೇರಿ ಆ ತುಣುಕು ತುಣುಕಾದ ಪ್ರವಾಹವನ್ನು ಸಮಗೊಳಿಸುತ್ತವೆ. ಸ್ವಿಚ್ಚು ಮುಚ್ಚಿರುವ ಗಳಿಗೆಯಲ್ಲಿ ಸುರುಳಿಯ ಪ್ರವಾಹವು ನಿಲ್ಲದಂತೆ ಡಯೋಡೊಂದು ದಾರಿಮಾಡಿಕೊಡುತ್ತದೆ. ಹನ್ನೆರಡರಿಂದ ಐದಕ್ಕೆ ಇಳಿಸಬೇಕಾದರೆ ಸ್ವಿಚ್ಚು ಒಟ್ಟು ಕಾಲದ ನೂರಕ್ಕೆ ಸುಮಾರು ೪೨ ಪಾಲು ಮಾತ್ರ ತೆರೆದಿದ್ದರೆ ಸಾಕು. ಇಲ್ಲಿ ಹೆಚ್ಚಿನ ವೋಲ್ಟೇಜನ್ನು ಸುಟ್ಟು ಕಳೆಯುವುದಿಲ್ಲ. ಬೇಕಾದಷ್ಟನ್ನೇ ಬ್ಯಾಟರಿಯಿಂದ ತೆಗೆದುಕೊಳ್ಳುವುದು. ಇದೇ ಇದರ ಮುಖ್ಯ ಗುಣ.

ಲಾಭನಷ್ಟದ ಲೆಕ್ಕ

೫ ವೋಲ್ಟಿನಲ್ಲಿ ಅರ್ಧ ಆಂಪೇರು ಎಳೆಯುವ ಉಪಕರಣವೊಂದನ್ನು ೧೨ ವೋಲ್ಟಿನ ಬ್ಯಾಟರಿಯಿಂದ ನಡೆಯಿಸಬೇಕಾಗಿದೆ ಎಂದು ಭಾವಿಸಬಹುದು. ಉಪಕರಣಕ್ಕೆ ಬೇಕಾದ ಶಕ್ತಿ ೨.೫ ವಾಟು.

ಲೀನಿಯರ್ ರೆಗ್ಯುಲೇಟರಿನಲ್ಲಿ ಒಳಬರುವ ಪ್ರವಾಹವೂ ಹೊರಹೋಗುವ ಪ್ರವಾಹವೂ ಹೆಚ್ಚುಕಡಮೆ ಒಂದೇ. ಆದ್ದರಿಂದ ಬ್ಯಾಟರಿಯಿಂದ ಅರ್ಧ ಆಂಪೇರು, ಅಂದರೆ ೬ ವಾಟು ಹೋಗುತ್ತದೆ. ಅದರಲ್ಲಿ ೩.೫ ವಾಟು ಬರಿಯ ಬಿಸಿ. ಶಾಖವನ್ನು ಹೊರಚೆಲ್ಲುವ ಲೋಹದ ರೆಕ್ಕೆಯನ್ನು ಕಟ್ಟದಿದ್ದರೆ ೭೮೦೫ ಚಿಪ್ಪು ಇಷ್ಟು ಬಿಸಿಯನ್ನು ತಾಳಲಾರದೆ ತನ್ನಷ್ಟಕ್ಕೆ ತಾನೇ ಕೆಲಸ ನಿಲ್ಲಿಸುತ್ತದೆ. ಬಕ್ ಕನ್ವರ್ಟರು ನೂರಕ್ಕೆ ೮೦ರ ದಕ್ಷತೆಯಿಂದ ಕೆಲಸಮಾಡಿದರೂ ಬ್ಯಾಟರಿಯಿಂದ ತೆಗೆಯುವುದು ೩.೧ ವಾಟು, ಅಂದರೆ ೦.೨೬ ಆಂಪೇರು, ಬಿಸಿಯಾಗಿ ಹೋಗುವುದು ಸುಮಾರು ೦.೬ ವಾಟು ಮಾತ್ರ.

ಲೆಡ್-ಆಸಿಡ್ ಬ್ಯಾಟರಿಯು ಬಹುಕಾಲ ಬಾಳಬೇಕಾದರೆ ಅದರ ಅರ್ಧದಷ್ಟನ್ನೇ ಪ್ರತಿಸಲ ಬಳಸುವುದು ಲೇಸು. ೮ ಆಂಪೇರ್-ಗಂಟೆಯ ಬ್ಯಾಟರಿಯಲ್ಲಿ ಹೀಗೆ ಬಳಸಬಹುದಾದದ್ದು ೪ ಆಂಪೇರ್-ಗಂಟೆ. ಲೀನಿಯರ್ ರೆಗ್ಯುಲೇಟರಿನಿಂದ ಇದು ೮ ಗಂಟೆಗಳ ಕಾಲ ಬಂದರೆ, ಬಕ್ ಕನ್ವರ್ಟರಿನಿಂದ ಸುಮಾರು ೧೫ ಗಂಟೆಗಳ ಕಾಲ ಬರುವುದು. ಸಂಜೆಯಿಂದ ಬೆಳಗಿನವರೆಗೆ ಸೌರ ಫಲಕದ ಆಶ್ರಯವಿಲ್ಲದೆ ನಡೆಯಬೇಕಾದ ಉಪಕರಣಕ್ಕೆ ಈ ವ್ಯತ್ಯಾಸವು ಸಾಮಾನ್ಯವಾದುದಲ್ಲ. ಒಂದರಲ್ಲಿ ನಡುರಾತ್ರಿಗೇ ಬ್ಯಾಟರಿಯ ಪಾಲು ಮುಗಿದಿರುತ್ತದೆ. ಇನ್ನೊಂದರಲ್ಲಿ ಸೂರ್ಯೋದಯವಾದ ಮೇಲೂ ಉಳಿದಿರುತ್ತದೆ.

ಪರಿವರ್ತಕವನ್ನು ಆರಿಸುವುದು

ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವವು ಎರಡು ಜಾತಿ. ಎಲ್‌ಎಂ ೨೫೯೬ ಎಂಬ ಚಿಪ್ಪಿನ ಹಲಗೆಯು ದೊಡ್ಡದು. ಆ ಚಿಪ್ಪು ೪೦ ವೋಲ್ಟಿನವರೆಗೆ ತಾಳುತ್ತದೆ, ಸೆಕೆಂಡಿಗೆ ೧,೫೦,೦೦೦ ಬಾರಿ ಸ್ವಿಚ್ಚು ಮಾಡುತ್ತದೆ. ಎಂಪಿ ೧೫೮೪ ಎಂಬ ಚಿಪ್ಪಿನ ಹಲಗೆಯು ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು; ಅದು ೪.೫ರಿಂದ ೨೮ ವೋಲ್ಟಿನವರೆಗೆ ತಾಳುತ್ತದೆ. ಎರಡಕ್ಕೂ ೩ ಆಂಪೇರೆಂದು ಬರೆದಿರುತ್ತದೆ. ಇವುಗಳಿಗಿಂತ ಚಿಕ್ಕದಾದ, ಮಿನಿ ೩೬೦ ಎಂಬ ಹೆಸರಿನ ಹಲಗೆಯ ಮೇರೆ ೨೩ ವೋಲ್ಟು ಮಾತ್ರ. ಮೇಲೆ ಹೇಳಿದಂತೆ ಸೌರ ಫಲಕವು ೨೨ ವೋಲ್ಟಿಗೆ ಏರಬಲ್ಲುದಾದ್ದರಿಂದ, ಫಲಕಕ್ಕೆ ನೇರವಾಗಿ ಸೇರಿಸಲು ಇದು ಯೋಗ್ಯವಲ್ಲ.

ಬರೆದಿರುವ ೩ ಆಂಪೇರನ್ನು ಅಕ್ಷರಶಃ ನಂಬಬಾರದು. ಅಗ್ಗದ ಹಲಗೆಗಳಲ್ಲಿ ಬೇರೆ ಚಿಪ್ಪಿನ ಮೇಲೆ ಹೆಸರಾದ ಚಿಪ್ಪಿನ ಗುರುತನ್ನು ಅಚ್ಚೊತ್ತಿರುವುದೂ ಉಂಟು. ಬೀಗಿದ ಪೆಟ್ಟಿಗೆಯೊಳಗೆ ಬಿಸಿಲಿನಲ್ಲಿರುವ ಪರಿವರ್ತಕದಿಂದ ಸತತವಾಗಿ ಒಂದೂವರೆ ಆಂಪೇರಿಗಿಂತ ಹೆಚ್ಚನ್ನು ಅಪೇಕ್ಷಿಸದಿರುವುದು ಕ್ಷೇಮ. ಎತ್ತಿಗೆ ಅದರ ಶಕ್ತಿಯ ತುದಿಯವರೆಗೆ ಹೇರು ಹೇರುವ ರೈತನಿಲ್ಲ. ಇಲ್ಲಿಯೂ ಅದೇ ವಿವೇಕವಿರಬೇಕು. ಒಳಬರುವ ವೋಲ್ಟೇಜು ಹೊರಹೋಗುವುದಕ್ಕಿಂತ ಕನಿಷ್ಠ ೨ ವೋಲ್ಟಾದರೂ ಹೆಚ್ಚಾಗಿರಬೇಕೆಂಬುದನ್ನೂ ಮರೆಯಬಾರದು. ಈ ಪರಿವರ್ತಕವು ಇಳಿಸಬಲ್ಲುದೇ ಹೊರತು ಏರಿಸಲಾರದು.

ಹೊಂದಿಸುವ ಕ್ರಮ

ಈ ಲೇಖನದಲ್ಲಿ ಅತ್ಯಂತ ಮುಖ್ಯವಾದ ಭಾಗವಿದು. ಅಂಗಡಿಯಿಂದ ತಂದ ಹಲಗೆಯ ವೋಲ್ಟೇಜು ಎಷ್ಟಕ್ಕೆ ತಿರುಗಿಸಿರುತ್ತದೆಂಬುದಕ್ಕೆ ನೇಮವಿಲ್ಲ. ಬಂದ ೧೨ ವೋಲ್ಟನ್ನು ಬಹುಮಟ್ಟಿಗೆ ಹಾಗೆಯೇ ಹೊರಬಿಡುವ ಸ್ಥಿತಿಯಲ್ಲಿಯೂ ಇರಬಹುದು. ಆದ್ದರಿಂದ ಅಳೆಯುವುದು ಮೊದಲು, ಸೇರಿಸುವುದು ಆಮೇಲೆ. ಇದಕ್ಕೆ ಬೇಕಾದ ಮಲ್ಟಿಮೀಟರು ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಮೀಟರಿಲ್ಲದವರು ಈ ಕೆಲಸಕ್ಕೆ ಕೈಹಾಕದಿರುವುದೇ ಮೇಲು. ಕ್ರಮವು ಹೀಗಿದೆ:

೧. ಹೊರಬರುವ ಕಡೆಯ ತುದಿಗಳಿಗೆ ಯಾವ ಉಪಕರಣವನ್ನೂ ಸೇರಿಸಕೂಡದು.

೨. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲಿಯೇ ೧ ಆಂಪೇರಿನ ಫ್ಯೂಸನ್ನು ಕೂಡಿಸಬೇಕು. ಬ್ಯಾಟರಿಯ ತಂತಿಗಳು ಒಂದಕ್ಕೊಂದು ತಗಲಿದರೆ ತಂತಿಯು ಕೆಂಪಗೆ ಕಾಯುವಷ್ಟು ಪ್ರವಾಹ ಹರಿಯುತ್ತದೆ; ಹುಲ್ಲು ಗರಿಗಳಿರುವ ಕೊಟ್ಟಿಗೆಯಲ್ಲಿ ಇದು ಬೆಂಕಿಗೆ ಕಾರಣವಾಗುವುದು.

೩. ಪ್ಲಸ್ಸು ಮೈನಸ್ಸುಗಳನ್ನು ಎರಡು ಸಲ ನೋಡಿ ಒಳಬರುವ ಕಡೆಗೆ ಸೇರಿಸಬೇಕು. ಅದಲುಬದಲಾದರೆ ಈ ಹಲಗೆಗಳಲ್ಲಿ ಬಹುಪಾಲು ಕೂಡಲೇ ಕೆಡುತ್ತವೆ.

೪. ಮೀಟರನ್ನು ಡಿ.ಸಿ. ವೋಲ್ಟೇಜಿಗೆ ತಿರುಗಿಸಿ ಹೊರಬರುವ ಕಡೆಗೆ ಹಿಡಿದು, ಹಲಗೆಯ ಮೇಲಿನ ಚಿಕ್ಕ ಸ್ಕ್ರೂವನ್ನು ನಿಧಾನವಾಗಿ ತಿರುಗಿಸಬೇಕು. ಎಲ್‌ಎಂ ೨೫೯೬ ಹಲಗೆಯ ಸ್ಕ್ರೂ ಹಲವು ಸುತ್ತಿನದು. ಮೊದಲ ಕೆಲವು ಸುತ್ತುಗಳಲ್ಲಿ ಬದಲಾವಣೆ ಕಾಣದಿದ್ದರೆ ಹಲಗೆ ಕೆಟ್ಟಿದೆಯೆಂದು ಎಣಿಸದೆ ಮುಂದುವರಿಸಬೇಕು. ಎಂಪಿ ೧೫೮೪ ಹಲಗೆಯದು ಒಂದೇ ಸುತ್ತಿನ ಸೂಕ್ಷ್ಮವಾದ ತಿರುಗು. ಕೂದಲೆಳೆಯಷ್ಟು ತಿರುಗಿಸಿದರೂ ಬಹಳ ಬದಲಾಗುವುದು.

೫. ಬೇಕಾದ ವೋಲ್ಟೇಜು ಬಂದ ಮೇಲೆ, ಉಪಕರಣಕ್ಕೆ ಬದಲಾಗಿ ೧೦ ಓಮಿನ, ೫ ವಾಟಿನ ರೆಸಿಸ್ಟರನ್ನು ಸೇರಿಸಬೇಕು. ೫ ವೋಲ್ಟಿನಲ್ಲಿ ಇದು ಅರ್ಧ ಆಂಪೇರು ಎಳೆಯುತ್ತದೆ. ಅರ್ಧ ಗಂಟೆ ಹಾಗೆಯೇ ಬಿಟ್ಟು ಮತ್ತೆ ಅಳೆಯಬೇಕು. ವೋಲ್ಟೇಜು ಕುಸಿದಿದ್ದರೆ ಅಥವಾ ಚಿಪ್ಪು ಕೈ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಆ ಹಲಗೆಯನ್ನು ತಿರಸ್ಕರಿಸತಕ್ಕದ್ದು. ರೆಸಿಸ್ಟರು ತಾನು ಬಿಸಿಯಾಗುವುದು ಸಹಜ, ಅದನ್ನು ಮುಟ್ಟಬಾರದು.

೬. ಸ್ಕ್ರೂವಿನ ಮೇಲೆ ಒಂದು ಹನಿ ಅರಗನ್ನಾಗಲಿ ಉಗುರು ಬಣ್ಣವನ್ನಾಗಲಿ ಹಾಕಿ ಅಲುಗದಂತೆ ಮಾಡಬೇಕು. ಹೊಂದಿಸಿದ ವೋಲ್ಟೇಜನ್ನು ಚೀಟಿಯಲ್ಲಿ ಬರೆದು ಹಲಗೆಗೆ ಅಂಟಿಸಬೇಕು. ಇದಾದ ಮೇಲೆಯೇ ಉಪಕರಣವನ್ನು ಸೇರಿಸತಕ್ಕದ್ದು.

ಸಿಮ್ ೮೦೦ ಎಲ್ ಸಲಕರಣೆಗಾದರೆ ಪರಿವರ್ತಕವನ್ನು ೪.೦ ವೋಲ್ಟಿಗೆ ಹೊಂದಿಸಿ, ಸಲಕರಣೆಯ ಕಾಲುಗಳ ಬಳಿಯೇ ೧೦೦೦ ಮೈಕ್ರೊಫ್ಯಾರಡಿನ ಕೆಪಾಸಿಟರನ್ನು ಸೇರಿಸುವುದರಿಂದ, ಕ್ಷಣಕಾಲದ ೨ ಆಂಪೇರಿನ ಸೆಳೆತವನ್ನು ತಾಳಿಕೊಳ್ಳಬಹುದು.

ಪರಿವರ್ತಕವು ಕೆಡುವಾಗ ಒಳಗಿನ ಸ್ವಿಚ್ಚು ತೆರೆದೇ ಉಳಿದು ಬ್ಯಾಟರಿಯ ಪೂರ್ಣ ವೋಲ್ಟೇಜು ಉಪಕರಣದ ಮೇಲೆ ಬೀಳುವ ಸಂಭವವಿದೆ. ಬೆಲೆಬಾಳುವ ಉಪಕರಣಗಳಿಗೆ ೫.೬ ವೋಲ್ಟಿನ, ೫ ವಾಟಿನ ಜೀನರ್ ಡಯೋಡೊಂದನ್ನು ೫ ವೋಲ್ಟಿನ ಹೊರತುದಿಗಳ ನಡುವೆ ಅಡ್ಡವಾಗಿ ಸೇರಿಸಿದರೆ, ಅಂಥ ಸಮಯದಲ್ಲಿ ಪ್ರವಾಹವು ಅದರ ಮೂಲಕ ಹರಿದು ಫ್ಯೂಸು ಹೋಗುವುದು, ಉಪಕರಣವು ಉಳಿಯುವುದು.

ಎಲ್ಲಿ ಇಡಬೇಕು

ಬ್ಯಾಟರಿಯು ಪಂಪಿನ ಮನೆಯಲ್ಲಿದ್ದು, ತೇವ ಅಳೆಯುವ ಉಪಕರಣವು ೨೦ ಮೀಟರು ದೂರದ ಮಡಿಯಲ್ಲಿದ್ದರೆ ಪರಿವರ್ತಕವನ್ನು ಯಾವ ತುದಿಯಲ್ಲಿ ಇಡಬೇಕೆಂಬ ಪ್ರಶ್ನೆ ಬರುತ್ತದೆ. ಅರ್ಧ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಹೋಗಿ ಬರುವ ೪೦ ಮೀಟರಿಗೆ ಸುಮಾರು ೧.೪ ಓಮು ತಡೆಯಿರುತ್ತದೆ. ಬ್ಯಾಟರಿಯ ಬಳಿಯೇ ೫ ವೋಲ್ಟಿಗೆ ಇಳಿಸಿ ಅರ್ಧ ಆಂಪೇರನ್ನು ಕಳುಹಿಸಿದರೆ ದಾರಿಯಲ್ಲಿ ೦.೭ ವೋಲ್ಟು ಕಳೆದು ಉಪಕರಣಕ್ಕೆ ೪.೩ ವೋಲ್ಟು ಮಾತ್ರ ತಲಪುತ್ತದೆ. ಉಪಕರಣವು ಆಗಾಗ್ಗೆ ನಿಂತು ಮತ್ತೆ ಹೊರಡುವುದು. ೧೨ ವೋಲ್ಟನ್ನೇ ಮಡಿಯವರೆಗೆ ಒಯ್ದು ಅಲ್ಲಿ ಇಳಿಸಿದರೆ ತಂತಿಯಲ್ಲಿ ಹರಿಯುವುದು ೦.೨೬ ಆಂಪೇರಿನಷ್ಟು, ಕಳೆಯುವುದು ೦.೪ ವೋಲ್ಟಿಗಿಂತ ಕಡಿಮೆ. ಮಿಕ್ಕ ೧೧.೬ ವೋಲ್ಟಿನಿಂದ ಪರಿವರ್ತಕವು ಯಾವ ತೊಂದರೆಯೂ ಇಲ್ಲದೆ ೫ ವೋಲ್ಟು ಒದಗಿಸುವುದು. ಶಿವನಸಮುದ್ರದ ಲೈನಿನ ತತ್ತ್ವವೇ ಇಲ್ಲಿಯೂ ಸಲ್ಲುತ್ತದೆ: ದೂರವನ್ನು ಏರಿದ ವೋಲ್ಟೇಜಿನಲ್ಲಿ ಸಾಗಿಸಿ, ಬೇಕಾದ ಸ್ಥಳದಲ್ಲಿ ಇಳಿಸತಕ್ಕದ್ದು.

ಪರಿವರ್ತಕವನ್ನು ಮುಚ್ಚಳವುಳ್ಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ ಕಟ್ಟಬೇಕು. ತಂತಿಗಳು ಪೆಟ್ಟಿಗೆಯ ತಳದಿಂದ ಒಳಹೋಗುವಂತಿದ್ದರೆ ಮಳೆಯ ನೀರು ತಂತಿಯ ಗುಂಟ ಒಳಗಿಳಿಯುವುದಿಲ್ಲ. ತಂತಿ ಹಾಯುವ ರಂಧ್ರಗಳನ್ನು ಮೇಣದಿಂದ ಮುಚ್ಚದಿದ್ದರೆ ಇರುವೆಗಳು ಬೆಚ್ಚಗಿನ ಸ್ಥಳವನ್ನರಸಿ ಸೇರಿಕೊಳ್ಳುತ್ತವೆ.

ಸ್ವಿಚ್ಚು ಮಾಡುವಾಗ ಹುಟ್ಟುವ ಗಲಭೆಯು ತೇವ ಅಳೆಯುವ ಕಡ್ಡಿಯ ಅಂಕಿಗಳನ್ನು ಅಲುಗಿಸುವುದುಂಟು. ಹೊರಬರುವ ಕಡೆಗೆ ೧೦೦ ಮೈಕ್ರೊಫ್ಯಾರಡಿನದೊಂದು, ೦.೧ ಮೈಕ್ರೊಫ್ಯಾರಡಿನದೊಂದು ಕೆಪಾಸಿಟರು ಸೇರಿಸುವುದರಿಂದಲೂ, ಹತ್ತು ಸಲ ಅಳೆದು ಸರಾಸರಿ ತೆಗೆಯುವುದರಿಂದಲೂ ಈ ದೋಷವು ಬಹಳಮಟ್ಟಿಗೆ ಕಡಿಮೆಯಾಗುವುದು.

ಬ್ಯಾಟರಿಯ ರಕ್ಷಣೆ

ಬಕ್ ಕನ್ವರ್ಟರಿನಲ್ಲಿ ಒಂದು ಮೋಸವಿದೆ. ಬ್ಯಾಟರಿಯು ಬರಿದಾಗುತ್ತ ವೋಲ್ಟೇಜು ಇಳಿದಂತೆಲ್ಲ, ಉಪಕರಣಕ್ಕೆ ಅದೇ ಶಕ್ತಿಯನ್ನು ಒದಗಿಸುವುದಕ್ಕಾಗಿ ಅದು ಬ್ಯಾಟರಿಯಿಂದ ಹೆಚ್ಚು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಉಪಕರಣವು ಏನೂ ಆಗದಂತೆ ನಡೆಯುತ್ತಲೇ ಇರುತ್ತದೆ. ಬ್ಯಾಟರಿಯು ಮಾತ್ರ ಮತ್ತೆ ಚೇತರಿಸಿಕೊಳ್ಳದಷ್ಟು ಬತ್ತಿಹೋಗುತ್ತದೆ. ಆದ್ದರಿಂದ ಸುಮಾರು ೧೧.೫ ವೋಲ್ಟಿಗೆ ಇಳಿದೊಡನೆ ಸಂಬಂಧವನ್ನು ಕಡಿಯುವ ಏರ್ಪಾಡು ಅವಶ್ಯಕ. ಸೌರ ದೀಪಗಳಿಗೆ ಉಪಯೋಗಿಸುವ ಚಾರ್ಜ್ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಇಂಥ ಏರ್ಪಾಡು ಇರುತ್ತದೆ. ಅದರ ಲೋಡ್ ತುದಿಯಿಂದ ಪರಿವರ್ತಕಕ್ಕೆ ತಂತಿಯೆಳೆಯುವುದು ಸುಲಭ. ಫಲಕದಿಂದ ಬ್ಯಾಟರಿಯನ್ನು ಚಾರ್ಜು ಮಾಡಲೂ ಇದೇ ಕಂಟ್ರೋಲರು ಬೇಕು. ಬಕ್ ಕನ್ವರ್ಟರನ್ನೇ ಚಾರ್ಜರಾಗಿ ಉಪಯೋಗಿಸಕೂಡದು.

ಗಂಟೆಗೊಮ್ಮೆ ಎಚ್ಚತ್ತು, ಒಂದು ಸಲ ಅಳೆದು, ಮತ್ತೆ ನಿದ್ರಿಸುವ ಉಪಕರಣಗಳ ವಿಷಯ ಬೇರೆ. ಎಲ್‌ಎಂ ೨೫೯೬ ಚಿಪ್ಪು ಉಪಕರಣವು ನಿದ್ರಿಸುತ್ತಿರುವಾಗಲೂ ತನಗಾಗಿಯೇ ಸುಮಾರು ೫ ಮಿಲಿಆಂಪೇರು ತೆಗೆದುಕೊಳ್ಳುತ್ತದೆ. ದಿನಕ್ಕೆ ಇದು ೧೨೦ ಮಿಲಿಆಂಪೇರ್-ಗಂಟೆಯಾಯಿತು. ಒಡೆಯ ಮಲಗಿದ್ದರೂ ಆಳಿನ ಊಟದ ಖರ್ಚು ನಿಲ್ಲದಂತೆ, ತಿಂಗಳೊಂದರಲ್ಲಿ ಸ್ಪ್ರೇಯರಿನ ಬ್ಯಾಟರಿಯ ಬಹುಮಟ್ಟಿಗೆ ಅರ್ಧ ಭಾಗವನ್ನು ಪರಿವರ್ತಕವೇ ತಿಂದುಹಾಕುವುದು. ಹಲಗೆಯ ಮೇಲೆ ಸದಾ ಉರಿಯುವ ದೀಪವಿದ್ದರೆ ಅದರ ಖರ್ಚು ಬೇರೆ. ಇಂಥ ಕೆಲಸಕ್ಕೆ ಸ್ವಂತ ಬಳಕೆಯು ಸುಮಾರು ೦.೧ ಮಿಲಿಆಂಪೇರಿನಷ್ಟಿರುವ ಎಂಪಿ ೧೫೮೪ ಚಿಪ್ಪಿನ ಹಲಗೆಯು ಮೇಲು. ಪ್ರವಾಹವು ತೀರ ಅಲ್ಪವಾದಲ್ಲಿ, ಸ್ವಂತ ಬಳಕೆಯು ಇನ್ನೂ ಕಡಿಮೆಯಿರುವ ಲೀನಿಯರ್ ರೆಗ್ಯುಲೇಟರೇ ಲಾಭಕರವಾಗಬಹುದು. ಹೊಸದೆಂಬ ಮಾತ್ರಕ್ಕೆ ಬಕ್ ಕನ್ವರ್ಟರನ್ನು ಎಲ್ಲ ಕಡೆಗೂ ಹಾಕುವುದು ಸಲ್ಲದು. ಲೆಕ್ಕ ಹಾಕಿ ನೋಡಿ ಆರಿಸತಕ್ಕದ್ದು.

ಪ್ರಾಣಾಪಾಯದ ಎಚ್ಚರಿಕೆ

ಈ ಪರಿವರ್ತಕಗಳಲ್ಲಿ ಒಳಬರುವ ಕಡೆಯ ಮೈನಸ್ಸೂ ಹೊರಬರುವ ಕಡೆಯ ಮೈನಸ್ಸೂ ಒಂದೇ ತಂತಿ. ಎರಡರ ನಡುವೆ ಬೇರ್ಪಡೆ ಇರುವುದಿಲ್ಲ. ಆದ್ದರಿಂದ ಇವನ್ನು ಮನೆಯ ೨೩೦ ವೋಲ್ಟಿನ ಲೈನಿಗಾಗಲಿ, ಪಂಪ್‌ಸೆಟ್ಟಿನ ಮೂರು ಫೇಸಿನ ಲೈನಿಗಾಗಲಿ ಎಂದೆಂದಿಗೂ ಸೇರಿಸಕೂಡದು. ಸೌರ ಪಂಪ್‌ಸೆಟ್ಟುಗಳ ಫಲಕಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗರೂಕತೆ ಬೇಕು. ಮನೆಯ ಚಿಕ್ಕ ಫಲಕವನ್ನು ಕಂಡು ರೂಢಿಯಾದವರು ಅದೂ ಅಂಥದೇ ಎಂದು ತಿಳಿಯುವುದು ಸಹಜ. ಆದರೆ ಅಲ್ಲಿ ಫಲಕಗಳನ್ನು ಸಾಲಾಗಿ ಜೋಡಿಸಿರುವುದರಿಂದ ನೂರಾರು ವೋಲ್ಟಿನ ಡಿ.ಸಿ. ಇರಬಹುದು, ಮತ್ತು ಬಿಸಿಲಿರುವವರೆಗೂ ಅದು ಆರುವುದಿಲ್ಲ. ಅಲ್ಲಿಂದ ಉಪಕರಣಕ್ಕಾಗಿ ತಂತಿ ತೆಗೆಯಲು ಹೋಗುವುದು ಪ್ರಾಣಕ್ಕೆ ಅಪಾಯ. ಕರೆಂಟಿನಿಂದಲೇ ನಡೆಯಿಸಬೇಕಾದಲ್ಲಿ ಮೊಬೈಲ್ ಚಾರ್ಜರಿನಂಥ, ಒಳಗೆ ಬೇರ್ಪಡೆಯುಳ್ಳ, ಬಿ.ಐ.ಎಸ್. ನೋಂದಣಿ ಗುರುತಿನ ಅಡಾಪ್ಟರಿನಿಂದ ೫ ವೋಲ್ಟು ಪಡೆಯುವುದೊಂದೇ ಸರಿಯಾದ ಮಾರ್ಗ.

ಉಪಸಂಹಾರ

ಮೇಲಿನ ಕ್ರಮವನ್ನು ಅನುಸರಿಸುವವರು ಮೊದಲ ವರ್ಷದಲ್ಲಿ ಇಡೀ ತೋಟವನ್ನು ಉಪಕರಣದ ವಶಕ್ಕೆ ಒಪ್ಪಿಸದೆ, ಒಂದು ಸಸಿಮಡಿಯಲ್ಲಿ ಮಾತ್ರ ಪ್ರಯೋಗಮಾಡಿ ನೋಡುವುದು ಯುಕ್ತ. ಉಪಕರಣವು ತೋರಿಸುವ ತೇವವನ್ನು ದಿನವೂ ಕೈಯಿಂದ ಮಣ್ಣು ಹಿಚುಕಿ ನೋಡಿದ ತೇವದೊಡನೆ ಹೋಲಿಸಿ, ವಾರಕ್ಕೊಮ್ಮೆ ಬ್ಯಾಟರಿಯ ವೋಲ್ಟೇಜನ್ನೂ ಪರಿವರ್ತಕದ ವೋಲ್ಟೇಜನ್ನೂ ಅಳೆದು, ಒಂದು ಪುಸ್ತಕದಲ್ಲಿ ತೇದಿಯೊಡನೆ ಬರೆದಿಡಬೇಕು. ಒಂದು ಹಂಗಾಮು ಮುಗಿಯುವ ಹೊತ್ತಿಗೆ, ಆ ಬ್ಯಾಟರಿಯು ಎಷ್ಟು ರಾತ್ರಿಗಳಿಗೆ ಸಾಕಾಗುವುದೆಂಬುದನ್ನು ಯಾವ ವಿವರಣ ಪತ್ರಕ್ಕಿಂತಲೂ ಆ ಪುಸ್ತಕವೇ ಖಚಿತವಾಗಿ ಹೇಳುವುದು. ಮುಂದಿನ ಹಂಗಾಮಿಗೆ ಸಿಂಪಡಿಸುವ ಕಾಲ ಬಂದಾಗ ಬ್ಯಾಟರಿಯನ್ನು ಪೂರ್ಣ ಚಾರ್ಜು ಮಾಡಿ ಸ್ಪ್ರೇಯರಿಗೆ ಮರಳಿ ಕೂಡಿಸಬಹುದು.